ಬೈರಮ್ಮ ಹೇಳಿದ ಮೂರು ಗುರುತು

ನಮ್ಮ ದೊಡ್ಡಮ್ಮ ಬೈರಮ್ಮನ ವಿಷಯ ಹೇಳಬೇಕೆಂದರೆ ಮೊದಲು ಹಾಲಿನ ವಿಷಯ ಹೇಳಬೇಕು. ಓಟಿನ ಮಾತು ಆಮೇಲೆ. ಊರವರು ನೇರವಾಗಿ ಓಟಿನ ಕಥೆಗೇ ಬರುತ್ತಾರೆ, ಅದಕ್ಕೇ ನನಗೆ ರೇಗುವುದು.

ದೊಡ್ಡಬೆಳವಂಗಲದಿಂದ ಮೂರು ಕಿಲೋಮೀಟರ್ ಒಳಗೆ ನಮ್ಮೂರು. ಇಲ್ಲಿಯ ಮಹಿಳಾ ಡೇರಿಯಲ್ಲಿ ದೊಡ್ಡಮ್ಮ ಇಪ್ಪತ್ತಾರು ವರ್ಷದಿಂದ ಹಾಲು ಪರೀಕ್ಷೆ ಮಾಡುವವಳು. ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ಐದೂವರೆಗೆ ಒಂದು ಸಲ. ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಲ್ಲುತ್ತಾರೆ. ಇವಳು ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ಡಿಗ್ರಿ ನೋಡುತ್ತಾಳೆ. ನೀರು ಬೆರೆತಿದ್ದರೆ ಮಾತಿಲ್ಲ ಕಥೆಯಿಲ್ಲ, ಕ್ಯಾನು ವಾಪಸ್. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮಮ್ಮನ ಹಾಲನ್ನೇ ವಾಪಸ್ ಕಳಿಸಿದ್ದಳು. ನಮ್ಮಮ್ಮ ಅವಳ ಒಡಹುಟ್ಟಿದ ತಂಗಿ. ಅಮ್ಮ ಆ ಕ್ಯಾನು ಹಿಡಿದು ಊರ ಮಧ್ಯೆ ನಡೆದುಕೊಂಡು ಬಂದಳು. ಆರು ತಿಂಗಳು ಅಕ್ಕನ ಜೊತೆ ಮಾತು ಬಿಟ್ಟಳು. ದೊಡ್ಡಮ್ಮ ಅದನ್ನೇನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮಾರನೆಯ ದಿನ ತಂಗಿ ಸಾಲಿಗೆ ಬಂದಾಗ ಎಲ್ಲರ ಹಾಲಿನ ಹಾಗೆ ಅವಳ ಹಾಲನ್ನೂ ನೋಡಿ ತೆಗೆದುಕೊಂಡಳು.

ಊರ ಹೆಂಗಸರು ಅವಳನ್ನು ನಂಬಿದ್ದು ಇದಕ್ಕೆ. ತಂಗಿಗೇ ಬಿಡದವಳು ಇನ್ಯಾರಿಗೆ ಬಿಟ್ಟಾಳು ಎಂದು. ಹಾಗಾಗಿ ಯಾವ ಚುನಾವಣೆ ಬಂದರೂ, ಅದು ಪಂಚಾಯ್ತಿಯದಾಗಲಿ ಪಾರ್ಲಿಮೆಂಟಿನದಾಗಲಿ, ಯಾರಿಗೆ ಹಾಕಬೇಕೆಂದು ಕೇಳಲು ಅವಳ ಹತ್ತಿರ ಬರುವುದು ರೂಢಿಯಾಯಿತು. ಮತದಾನದ ಹಿಂದಿನ ಸಂಜೆ, ಕೊನೆಯ ಕ್ಯಾನು ಮುಗಿದ ಮೇಲೆ, ಯಾರೂ ಮನೆಗೆ ಹೋಗುತ್ತಿರಲಿಲ್ಲ. ದೊಡ್ಡಮ್ಮ ಖಾಲಿ ಕ್ಯಾನೊಂದನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದಳು. ಹೆಸರು ಹೇಳುತ್ತಿರಲಿಲ್ಲ, ಪಕ್ಷ ಹೇಳುತ್ತಿರಲಿಲ್ಲ. ಗುರುತು ಮಾತ್ರ ಹೇಳುತ್ತಿದ್ದಳು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಯಾರಾದರೂ ಸೀರೆ ಹಂಚಿದ್ದರೆ, ತಗೊಳ್ಳಿ, ಬೇಡ ಅನ್ನಬೇಡಿ, ಉಟ್ಟುಕೊಂಡೇ ಹೋಗಿ ನಾನು ಹೇಳಿದವರಿಗೆ ಒತ್ತಿ ಬನ್ನಿ ಎನ್ನುತ್ತಿದ್ದಳು. ಅವಳು ಮಾತ್ರ ಯಾರಿಂದಲೂ ಒಂದು ಲೋಟ ಟೀ ಕುಡಿದವಳಲ್ಲ.

ಇದರ ಜೊತೆಗೆ ಇನ್ನೊಂದು ಮಾತಿತ್ತು. ಬಹಳ ವರ್ಷದ ಹಿಂದೆ ಮತಗಟ್ಟೆಯೊಳಗೆ ಕೂತಿದ್ದ ಯಾರದೋ ಏಜೆಂಟು ನಾಲ್ಕೈದು ಮುದುಕಿಯರಿಗೆ ತಪ್ಪು ಹೇಳಿಕೊಟ್ಟು ತನ್ನವರಿಗೆ ಹಾಕಿಸಿಕೊಂಡಿದ್ದನಂತೆ. ಅಂದಿನಿಂದ ಪ್ರತಿ ಸಲವೂ ದೊಡ್ಡಮ್ಮ ಕ್ಯಾನಿನಿಂದ ಏಳುವ ಮುಂಚೆ ಒಂದು ಮಾತು ತಪ್ಪದೆ ಹೇಳುತ್ತಿದ್ದಳು.

"ಒಳಗಿರೋರು ಏನಂದ್ರೂ ಕಿವಿಗೆ ಹಾಕ್ಕೋಬೇಡಿ. ನಾನು ಹೇಳಿದ್ದು ಒತ್ತಿ, ಬನ್ನಿ."

ನಾಲ್ಕು ವರ್ಷದ ಹಿಂದೆ ಪಂಚಾಯ್ತಿ ಚುನಾವಣೆ ಬಂದಿತು. ಎಲ್ಲರೂ ಮೂಗು ಬಾಯಿಗೆ ಮಾಸ್ಕು ಕಟ್ಟಿಕೊಂಡು ತಿರುಗುತ್ತಿದ್ದ ಕಾಲ. ಡೇರಿ ಆಗ ಗೋವಿಂದರಾಜು ಎಂಬುವನ ಶೆಡ್ಡಿನಲ್ಲಿತ್ತು. ಅವನು ಶೆಡ್ಡನ್ನು ಇವತ್ತು ಬಿಡಿ, ನಾಳೆ ಬಿಡಿ ಎನ್ನುತ್ತಲೇ ಇದ್ದ. ಬಸ್ ಸ್ಟಾಪಿನ ಪಕ್ಕ ಪಂಚಾಯ್ತಿಯದೊಂದು ಖಾಲಿ ಜಾಗವಿತ್ತು. ಅದನ್ನು ಡೇರಿಗೆ ಕೇಳಿದರೆ ಪಂಚಾಯ್ತಿಯವರು, ಅಲ್ಲಿ ಅಂಗಡಿ ಮಳಿಗೆ ಕಟ್ಟುವ ಯೋಚನೆ ಇದೆ ಎಂದು ಹೇಳಿ ಕಳಿಸಿದರು. ನಮ್ಮವಳೊಬ್ಬಳು ಮೆಂಬರ್ ಆಗದೆ ಆ ಜಾಗ ಸಿಗುವುದಿಲ್ಲ ಎಂದು ದೊಡ್ಡಮ್ಮ ತೀರ್ಮಾನ ಮಾಡಿದಳು. ಅನುಸೂಯಮ್ಮನನ್ನು ನಿಲ್ಲಿಸಿದಳು.

ಅನುಸೂಯಮ್ಮ ಎರಡು ಹಸು ಕಟ್ಟಿಕೊಂಡು, ಬ್ಲೌಸು ಹೊಲಿದುಕೊಂಡು ಬದುಕುವ ಹೆಂಗಸು. ಗಂಡ ಸಂಜೀವಪ್ಪ ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೆಕ್ಯುರಿಟಿ. ಅವಳಿಗೆ ಚುನಾವಣೆ ಬೇಕಿರಲಿಲ್ಲ. ನನಗೆ ಮಾತಾಡಕ್ಕೆ ಬರಲ್ಲ ಎಂದು ಎರಡು ದಿನ ಅತ್ತಳು. ಮಾತಾಡೋದು ನಾನು, ನೀನು ನಿಂತ್ಕೋ ಸಾಕು ಎಂದು ದೊಡ್ಡಮ್ಮ ಒಪ್ಪಿಸಿದಳು. ದೊಡ್ಡಮ್ಮ ಯಾರನ್ನಾದರೂ ಹಾಗೆ ಬಲವಂತ ಮಾಡಿದ್ದು ನಾನು ನೋಡಿದ್ದು ಅದೊಂದೇ ಸಲ.

ಇಲ್ಲಿ ಸ್ವಲ್ಪ ವಿವರ ಹೇಳಬೇಕು. ನಮ್ಮ ಪಂಚಾಯ್ತಿ ಚುನಾವಣೆಗೆ ಮತಯಂತ್ರವಿಲ್ಲ, ಕಾಗದದ ಮೇಲೆ ಸೀಲು ಒತ್ತುವುದು. ನಮ್ಮ ಕ್ಷೇತ್ರಕ್ಕೆ ಮೂರು ಸ್ಥಾನ. ಸ್ಥಾನ ಎಷ್ಟೋ ಓಟೂ ಅಷ್ಟು, ಒಬ್ಬೊಬ್ಬರು ಮೂರು ಜನಕ್ಕೆ ಒತ್ತಬಹುದು. ಊರಿಗೆ ಊರೇ ಹಾಗೆ ಒತ್ತಿಕೊಂಡು ಬಂದಿತ್ತು. ಆದರೆ ಆ ಸಲ ನಾಮಪತ್ರ ವಾಪಸ್ ತೆಗೆಯುವ ದಿನ ಒಂದು ಮೀಸಲು ಸ್ಥಾನಕ್ಕೆ ಭೀಮರಾಜ್ ಒಬ್ಬನೇ ಉಳಿದು, ಅವಿರೋಧವಾಗಿ ಆಯ್ಕೆಯಾದ. ಅವನಿಗೆ ಹಾರ ಹಾಕಿ, ಪಟಾಕಿ ಹೊಡೆದು, ಎಲ್ಲರೂ ಮನೆಗೆ ಹೋದರು. ಒಂದು ಸ್ಥಾನ ಹೋಯಿತೆಂದರೆ ಒಂದು ಓಟೂ ಹೋಯಿತು, ಇನ್ನು ಎರಡಕ್ಕೆ ಮಾತ್ರ ಒತ್ತಬೇಕು ಎಂಬುದು ನಮ್ಮ ಕಡೆಯ ಒಬ್ಬರ ತಲೆಗೂ ಹೋಗಲಿಲ್ಲ. ಎದುರು ನಿಂತಿದ್ದ ಜ್ಯೋತಿಲಕ್ಷ್ಮಿಯ ಕಡೆಯವರಿಗೆ ಗೊತ್ತಿತ್ತು. ಅವರು ಮನೆಮನೆಗೆ ಹೋಗಿ ತಮ್ಮವರಿಗೆ ಹೇಳಿಕೊಂಡಿದ್ದರು. ನಮಗೆ ಯಾಕೆ ಹೇಳುತ್ತಾರೆ?

ಮತದಾನದ ಹಿಂದಿನ ಸಂಜೆ ದೊಡ್ಡಮ್ಮ ಕ್ಯಾನಿನ ಮೇಲೆ ಕೂತಳು. ಹೊಲಿಗೆ ಮಿಷನ್, ಆಟೋ, ಸಿಲಿಂಡರ್ ಎಂದಳು. ಹೊಲಿಗೆ ಮಿಷನ್ ಅನುಸೂಯಮ್ಮನದು. ಆಟೋ ಆದಿನಾರಾಯಣಪ್ಪನವರದು, ಅವರು ಜಾಗದ ವಿಷಯದಲ್ಲಿ ಡೇರಿ ಪರವಾಗಿ ಕೈ ಎತ್ತುತ್ತೇನೆ ಎಂದು ಮಾತು ಕೊಟ್ಟಿದ್ದರು. ಸಿಲಿಂಡರ್ ಗೋವಿಂದರಾಜುದು. ಮೂರನೇ ಓಟು ಸುಮ್ಮನೆ ಯಾಕೆ ಹಾಳಾಗಬೇಕು, ಶೆಡ್ಡು ಅವನದು, ನಾಲ್ಕು ಓಟು ಅವನಿಗೂ ಬೀಳಲಿ ಎಂದು ಅವಳ ಲೆಕ್ಕ. ಆಮೇಲೆ ಎಂದಿನ ಮಾತು ಹೇಳಿ ಎದ್ದಳು. ಹೆಂಗಸರು ಮಿಷನ್, ಆಟೋ, ಸಿಲಿಂಡರ್ ಎಂದು ಬಾಯಿಪಾಠ ಮಾಡುತ್ತಾ ಮನೆಗೆ ಹೋದರು.

ನಾನು ಬೆಳಿಗ್ಗೆ ಏಳಕ್ಕೇ ಹೋಗಿ ಓಟು ಹಾಕಿದೆ. ಎಂಟು ಗಂಟೆಗೆ ಕಂಪನಿ ಬಸ್ಸು. ಚೀಟಿ ಕೊಡುತ್ತಿದ್ದ ಅಧಿಕಾರಿ ಮಾಸ್ಕಿನೊಳಗಿಂದಲೇ, ಎರಡಕ್ಕೆ ಮಾತ್ರ ಒತ್ತಮ್ಮಾ ಎಂದರು. ನಾನು ಎರಡಕ್ಕೆ ಒತ್ತಿದೆ. ಮಡಚಿ ಡಬ್ಬಕ್ಕೆ ಹಾಕಿದೆ. ಬಸ್ಸಿಗೆ ಓಡಿದೆ. ದೊಡ್ಡಮ್ಮ ಮೂರು ಅಂದಿದ್ದಳಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಅವಳಿಗೂ ಅಷ್ಟೊತ್ತಿಗೆ ಯಾರಾದರೂ ಹೇಳಿರುತ್ತಾರೆ ಬಿಡು ಅಂದುಕೊಂಡೆ. ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಮಾಡಲಿಲ್ಲ. ಇದನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಎಣಿಕೆಗೆ ಅನುಸೂಯಮ್ಮನ ಏಜೆಂಟಾಗಿ ದೊಡ್ಡಬಳ್ಳಾಪುರಕ್ಕೆ ಹೋದವಳು ನಾನೇ, ಓದಿಕೊಂಡವಳು ಎಂದು. ಮೇಜಿನ ಮೇಲೆ ಕಾಗದ ಸುರಿದು, ಒಂದೊಂದನ್ನೇ ಬಿಡಿಸಿ ತೋರಿಸುತ್ತಿದ್ದರು. ಮೊದಲನೆಯದು ತಿರಸ್ಕೃತ ಎಂದಾಗ ಯಾರೋ ಅಜ್ಜಿ ಇರಬೇಕು ಅಂದುಕೊಂಡೆ. ಮಿಷನ್, ಆಟೋ, ಸಿಲಿಂಡರ್ ಮೂರರ ಮೇಲೂ ಸೀಲು. ಮತ್ತೆ ಒಂದು. ಅದೇ ಮೂರು. ಮತ್ತೆ ಒಂದು. ಕೊನೆಗೆ ಅರವತ್ತಮೂರು ಓಟು ತಿರಸ್ಕೃತವಾದವು. ಅದರಲ್ಲಿ ಎರಡರ ಮೇಲೆ ಹೆಬ್ಬೆಟ್ಟಿನ ಗುರುತು ಇತ್ತು. ಉಳಿದ ಅರವತ್ತೊಂದೂ ದೊಡ್ಡಮ್ಮ ಹೇಳಿದ ಹಾಗೇ ಇದ್ದವು, ಗೆರೆಗೂ ತಾಗದಂತೆ ನೀಟಾಗಿ ಒತ್ತಿದ್ದವು. ಜ್ಯೋತಿಲಕ್ಷ್ಮಿಗೆ ಇನ್ನೂರ ಏಳು. ಅನುಸೂಯಮ್ಮನಿಗೆ ನೂರ ತೊಂಬತ್ತೆಂಟು. ಒಂಬತ್ತು ಓಟಿಗೆ ಸೋತಳು.

ನನಗೆ ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಅವರು ತೋರಿಸಿದ ಕಡೆ ಸಹಿ ಹಾಕಿ ಹೊರಗೆ ಬಂದೆ. ಅನುಸೂಯಮ್ಮ ಗೇಟಿನ ಹತ್ತಿರ ಹಾರದ ಕವರು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಹೇಳಿದೆ. ಹೌದಾ ಎಂದಳು. ಹಾರವನ್ನು ಬಸ್ಸಿನಲ್ಲೇ ಬಿಟ್ಟು ಇಳಿದೆವು.

ಊರಿಗೆ ಬರುವಷ್ಟರಲ್ಲಿ ಸಂಜೆ ಹಾಲಿನ ಹೊತ್ತು. ದೊಡ್ಡಮ್ಮ ಲ್ಯಾಕ್ಟೋಮೀಟರ್ ಹಿಡಿದೇ ಕೇಳಿದಳು. ಮೂರು ಒತ್ತಿದ್ದರಿಂದ ಓಟು ಕೆಟ್ಟವು ಎಂದು ನಾನು ಹೇಳಿದೆ. ಎಷ್ಟು ಎಂದು ಕೇಳಿದಳು. ಅರವತ್ತೊಂದು ಎಂದೆ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಮ್ಮ ಬೀದಿಯ ಹನುಮಂತರಾಯಪ್ಪನ ತಾಯಿ ನಿಂತಿತ್ತು, ಎಂಬತ್ತು ದಾಟಿದ ಮುದುಕಿ. ಅದಕ್ಕೆ ಕಿವಿ ಮಂದ, ನಾನು ಹೇಳಿದ್ದು ಕೇಳಿಸಿರಲಿಲ್ಲ. ಅದು ಹೆಮ್ಮೆಯಿಂದಲೇ ಹೇಳಿತು.

"ಆ ಸಾರು ಎರಡಕ್ಕೇ ಒತ್ತು, ಎರಡಕ್ಕೇ ಒತ್ತು ಅಂತ ಬಾಯ್ಬಡ್ಕೊಂಡ ಕಣವ್ವ. ನಾನು ಬಿಟ್ಟೇನಾ? ನೀನು ಹೇಳ್ದಂಗೆ ಮೂರಕ್ಕೂ ಒತ್ತೇ ಬಂದೆ."

ದೊಡ್ಡಮ್ಮ ಅದರ ಹಾಲು ನೋಡಿದಳು. ಸರಿಯಾಗಿತ್ತು. ತೆಗೆದುಕೊಂಡಳು. ಆಮೇಲೆ ಹಿಂದಿನವರ ಹಾಲು, ಅವರ ಹಿಂದಿನವರ ಹಾಲು, ಹೀಗೆ ಕೊನೆಯ ಕ್ಯಾನಿನವರೆಗೂ ನೋಡಿದಳು.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಊರು ನಾಲ್ಕು ದಿನ ಹೇಳಿತು, ಬಿಟ್ಟಿತು. ಬಸ್ ಸ್ಟಾಪಿನ ಜಾಗದಲ್ಲಿ ಈಗ ಮಳಿಗೆಗಳಿವೆ. ಒಂದರಲ್ಲಿ ಮೊಬೈಲ್ ರಿಪೇರಿ, ಒಂದರಲ್ಲಿ ಚಿಕನ್. ಗೋವಿಂದರಾಜು ಯುಗಾದಿಗೆ ಮುಂಚೆ ಶೆಡ್ಡು ಬಿಡಿಸಿಕೊಂಡ. ಸೋತಿದ್ದರ ಸಿಟ್ಟು ಅವನಿಗೂ ಇತ್ತು, ಕೆಟ್ಟ ಓಟು ಅವನವೂ ಹೌದಲ್ಲ. ಡೇರಿ ನೀರಿನ ಟ್ಯಾಂಕಿನ ಕೆಳಗೆ ಬಂತು. ನಾಲ್ಕು ಕಂಬದ ನಡುವೆ ತಗಡು ಹೊದಿಸಿದ್ದಾರೆ. ಮೇಲಿಂದ ನೀರು ತೊಟ್ಟಿಕ್ಕುತ್ತದೆ, ಹಾಲಿಗೆ ಬೀಳದಂತೆ ದೊಡ್ಡಮ್ಮ ಮೇಜನ್ನು ಅತ್ತಿತ್ತ ಎಳೆದುಕೊಳ್ಳುತ್ತಾಳೆ. ಅನುಸೂಯಮ್ಮ ದಿನಾ ಎರಡು ಹೊತ್ತು ಬಂದು ಅದೇ ಸಾಲಿನಲ್ಲಿ ನಿಲ್ಲುತ್ತಾಳೆ. ಒಂದು ದಿನವೂ ಆ ಮಾತು ಎತ್ತಲಿಲ್ಲ. ಎರಡು ಬೈದಿದ್ದರೆ ದೊಡ್ಡಮ್ಮನಿಗೆ ಹಗುರವಾಗುತ್ತಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಸೆಂಬ್ಲಿ ಚುನಾವಣೆ ಬಂದಾಗ ಹಿಂದಿನ ಸಂಜೆ ಹೆಂಗಸರು ಕಾದು ನಿಂತರು. ದೊಡ್ಡಮ್ಮ ಕ್ಯಾನು ತೊಳೆದು, ಬೀಗ ಹಾಕಿ, ಮನೆಗೆ ಹೋದಳು. ಪಾರ್ಲಿಮೆಂಟ್ ಚುನಾವಣೆಯ ಹಿಂದಿನ ಸಂಜೆ ಯಾರೂ ಕಾಯಲಿಲ್ಲ. ಅವತ್ತು ನನಗೆ ವಾರದ ರಜೆ, ಅಮ್ಮನ ಕ್ಯಾನು ಹಿಡಿದು ನಾನೇ ಹೋಗಿದ್ದೆ. ನನ್ನ ಮುಂದೆ ಅನುಸೂಯಮ್ಮ. ದೊಡ್ಡಮ್ಮ ಅವಳ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟಳು.

"ಅಕ್ಕಾ, ನಾಳೆ ಯಾರಿಗೆ ಒತ್ಲಿ?" ಎಂದಳು ಅನುಸೂಯಮ್ಮ.

ದೊಡ್ಡಮ್ಮ ಬಗ್ಗಿಸಿದ ತಲೆ ಎತ್ತಲಿಲ್ಲ. "ನನ್ನ ಕೇಳ್ತೀಯಲ್ಲೇ. ನಿನ್ನ ಸೋಲಿಸಿದ್ದು ನಾನು."

"ಇನ್ಯಾರನ್ನ ಕೇಳ್ಲಿ? ಅವತ್ತು ಒಳಗೆ ಆ ಸಾರು ನಂಗೂ ಎರಡೇ ಅಂದ್ರು. ನೀನು ಹೇಳಿದ್ಯಲ್ಲ ಅಂತ ನಾನೂ ಮೂರಕ್ಕೇ ಒತ್ತಿದ್ದು."

ನನ್ನ ಕೈಯಲ್ಲಿದ್ದ ಕ್ಯಾನನ್ನು ಕೆಳಗಿಟ್ಟೆ. ದೊಡ್ಡಮ್ಮ ತಲೆ ಎತ್ತಿದಳು.

"ಆ ಅರವತ್ತೊಂದ್ರಲ್ಲಿ ನಿಂದೂ ಇತ್ತಾ."

"ಹೂಂ."

ದೊಡ್ಡಮ್ಮ ಲ್ಯಾಕ್ಟೋಮೀಟರ್ ಎತ್ತಿ ಬಟ್ಟೆಯಲ್ಲಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ನಾಳೆ ಒಳಗಿರೋರು ಏನು ಹೇಳ್ತಾರೋ ಅದನ್ನ ಕೇಳು," ಎಂದಳು.

ಅನುಸೂಯಮ್ಮ ಆಗಲಿ ಅಕ್ಕಾ ಎಂದು ಹಾಲು ಸುರಿದಳು.