ಐದು ಕಾಂಡ ಕೊಟ್ಟಿದ್ದೆ

ಬೇವಿನ ಹಿಂಡಿಯ ವಾಸನೆ ಬಂದರೆ ಸಾಕು, ಎದುರು ಮನೆಯ ಅಕ್ಕೋರ ಬಾಗಿಲು ಕಣ್ಣ ಮುಂದೆ ಬರುತ್ತದೆ. ಮುಚ್ಚಿದ ಬಾಗಿಲು. ಮೊನ್ನೆ ಭಾನುವಾರ ಪಾಮ್ ಗಿಡದ ಕುಂಡ ಬದಲಿಸೋಣವೆಂದು ನೆಲಕ್ಕೆ ಪೇಪರು ಹಾಸಿ ಹಿಂಡಿಯ ಪೊಟ್ಟಣ ಬಿಚ್ಚಿದೆ ನೋಡಿ, ಆರು ವರ್ಷದ ಹಿಂದಿನದೆಲ್ಲ ಎದ್ದು ಬಂತು...

ಶಿರಸಿಯಲ್ಲಿ ಆಗ ನಾನು ಅಡಿಕೆ ಮಂಡಿಯೊಂದರಲ್ಲಿ ಮಾಲು ನೋಡುವ ಕೆಲಸದಲ್ಲಿದ್ದೆ. ಚೀಲದ ಬಾಯಲ್ಲಿ ಎಲ್ಲರೂ ಚಂದದ ಅಡಿಕೆಯನ್ನೇ ಇಡುತ್ತಾರೆ. ಮೊಣಕೈವರೆಗೆ ಕೈ ತೂರಿಸಿ ಅಡಿಯದನ್ನು ಎಳೆದು ನೋಡಬೇಕು. ಮೂವತ್ತು ವರ್ಷ ಇದನ್ನೇ ಮಾಡಿದವನು ಹಾಲಿನವನನ್ನೂ ನಂಬುವುದಿಲ್ಲ, ನೆಂಟರನ್ನೂ ನಂಬುವುದಿಲ್ಲ. "ದೇವ್ರು ಪ್ರಸಾದ ಕೊಟ್ರೂ ನಿಂಗೊ ಅಡಿ ಮುಟ್ಟಿ ನೋಡ್ತಿ" ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಪಾಮ್ ಗಿಡ ಅವಳದ್ದು. ಬಿಳಿ ಹೂವಿನ ಚಿತ್ರವಿದ್ದ ನೀಲಿ ಪಿಂಗಾಣಿ ಕುಂಡದಲ್ಲಿ ಐದು ಕಾಂಡ, ಸೋಫಾದ ಪಕ್ಕ ನಿಂತಿರುತ್ತಿತ್ತು. ಅವಳು ತೀರಿಕೊಂಡ ಮೇಲೆ ನಾಲ್ಕು ತಿಂಗಳು ನಾನು ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ಒಂದು ದಿನ ನೋಡಿದರೆ ಗರಿಗಳೆಲ್ಲ ಕಂದಿ ಜೋತುಬಿದ್ದಿದ್ದವು. ತೋಟದ ಮನೆಯಲ್ಲಿ ಹುಟ್ಟಿದವನಿಗೆ ಗೊತ್ತಿದ್ದುದು ಒಂದೇ ವಿದ್ಯೆ. ಸಗಣಿ ಗೊಬ್ಬರ ತಂದು ತುಂಬಿದೆ, ಮೇಲೆ ಸೊಪ್ಪು ಮುಚ್ಚಿದೆ, ಚೊಂಬುಗಟ್ಟಲೆ ನೀರು ಹೊಯ್ದೆ. ಕಡೆಗೆ ಮಳೆಗಾಲದ ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ಔಷಧಿಯನ್ನೂ ಹೊಡೆದೆ. ಸೋಫಾ ನೀಲಿಯಾಯಿತು. ಗಿಡ ಮತ್ತಷ್ಟು ಸುಟ್ಟಿತು.

ಆಗ ಬಂದವರೇ ಅಕ್ಕೋರು. ಹಾನಗಲ್ ಕಡೆಯವರು. ಯಲ್ಲಾಪುರ, ಸಿದ್ದಾಪುರದ ಶಾಲೆಗಳಲ್ಲಿ ಕಲಿಸಿ ನಿವೃತ್ತರಾಗಿ ನಮ್ಮದೇ ಮಹಡಿಯ ಎದುರು ಮನೆಯಲ್ಲಿ ಒಬ್ಬರೇ ಇದ್ದರು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಅವರಿಗೆ ಆ ಹೆಸರೇ ಅಂಟಿಕೊಂಡಿತ್ತು. ಮಣ್ಣಿಗೆ ಬೆರಳು ಚುಚ್ಚಿ ಮೂಸಿ ನೋಡಿದರು.

"ಇದೇನ್ ತೋಟ ಏನ್ರೀ? ಬೇರಿಗೆ ಉಸರಾಡಾಕ ಜಾಗಾನ ಇಲ್ಲ. ಕೊಡ್ರಿ ಇಲ್ಲೆ."

"ಇಲ್ಲೇ ಮಾಡಿ ಅಕ್ಕೋರೆ, ಕುಂಡ ನಾ ಹಿಡ್ಕೋತೇನೆ" ಎಂದೆ.

"ಒಲ್ಲೆ. ನೀವು ಮ್ಯಾಲೆ ನಿಂತು ನೋಡಿದ್ರ ನನಗ ಕೈ ಓಡೂದಿಲ್ಲ."

ಕುಂಡ ಅಪ್ಪಿಕೊಂಡು ಹೋಗಿಯೇಬಿಟ್ಟರು. ನೋಡಿದರೆ ಕೈ ಓಡದ ಕೆಲಸ ಅದೆಂತಹದಪ್ಪಾ ಎಂದು ನನಗೆ ಅಂದೇ ಹುಳ ಹೊಕ್ಕಿತು. ಸಾಲದ್ದಕ್ಕೆ ಮತ್ತಿಘಟ್ಟದ ನನ್ನ ಅಕ್ಕ ಫೋನಿನಲ್ಲಿ, "ತಮಾ, ಕಾಂಡ ಎಣಿಸಿ ಕೊಟ್ಟಿದ್ಯನಾ? ಕದ್ದ ಗಿಡಾನೇ ಚಲೋ ಬತ್ತು, ನಿಂಗೆ ಗೊತ್ತಿಲ್ಯ?" ಎಂದಳು. ಹೌದಲ್ಲ! ಕದ್ದು ತಂದದ್ದೇ ಚೆನ್ನಾಗಿ ಚಿಗುರುತ್ತದೆಂದು ನೆಂಟರ ಮನೆಗೆ ಹೋದ ನಮ್ಮ ಹೆಂಗಸರು ಸೇವಂತಿಗೆಯ ಕುಡಿಯನ್ನಾಗಲಿ ದಾಸವಾಳದ ಟೊಂಗೆಯನ್ನಾಗಲಿ ಕೇಳಿ ಪಡೆಯುವುದಿಲ್ಲ. ಹೊರಡುವಾಗ ಮೆಲ್ಲನೆ ಮುರಿದು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಾರೆ. ಮನೆಯವರು ಕಂಡರೂ ಕಾಣದ ಹಾಗೆ ಇರುತ್ತಾರೆ. ನಾನು ಹಾಗಿರುವ ಪೈಕಿ ಅಲ್ಲ.

ದಿನಾ ಎದುರು ಬಾಗಿಲಿಗೆ ಕಿವಿ ಕೊಟ್ಟೆ. ಒಂದು ಮಧ್ಯಾಹ್ನ ಒಳಗೆ ಏನೋ ಒಡೆದ ಸದ್ದಾಯಿತು. ಬಾಗಿಲು ತಟ್ಟಿದರೆ ಗೇಣಗಲ ತೆರೆದು, "ಇನ್ನೂ ಆಗಿಲ್ರಿ" ಎಂದು ಮುಚ್ಚಿಬಿಟ್ಟರು. ಒಳಗಿಂದ ಹಿಂಡಿಯ ವಾಸನೆ ಮಾತ್ರ ಬಂತು.

ಇಪ್ಪತ್ತು ದಿನದ ಮೇಲೆ ಗಿಡ ಬಂತು. ಮಣ್ಣಿನ ಕುಂಡದಲ್ಲಿ.

"ನೀಲಿ ಕುಂಡ ಎಲ್ಲಿ?"

"ಬೇರು ಗಟ್ಟಿ ಕಚಗೊಂಡಿದ್ವುರಿ, ಒಡೀಬೇಕಾತು. ಅದರ ಚೂರು..." ಎಂದು ಅವರು ಏನೋ ಹೇಳಹೊರಟರು. ನಾನು ಕೇಳಿಸಿಕೊಳ್ಳಲಿಲ್ಲ, ಕಾಂಡ ಎಣಿಸುತ್ತಿದ್ದೆ. ಮೂರೇ ಇದ್ದವು.

"ಎರಡು ಕೊಳತಿದ್ವು, ತಗದೇನ್ರಿ" ಎಂದರು.

ವಾರದ ನಂತರ ತಾರಸಿಯ ಮೇಲೆ ಬಟ್ಟೆ ಒಣಹಾಕುವಾಗ ಬಗ್ಗಿ ನೋಡಿದೆ. ಅವರ ಹಿಂದಿನ ಬಾಲ್ಕನಿಯಲ್ಲಿ ಎಣ್ಣೆ ಡಬ್ಬಿಯೊಂದರಲ್ಲಿ ಎರಡು ಕಾಂಡ! ಅಲ್ಲಿಂದ ನೇರ ಅವರ ಬಾಗಿಲಿಗೇ ಹೋದೆ.

"ಸತ್ತವಳ ಗಿಡ ಕದಿಯೋಕೆ ನಾಚಿಕೆ ಆಗ್ಲಿಲ್ವಾ ಅಕ್ಕೋರೆ? ಕುಂಡಾನೂ ಒಳಗೇ ಇರ್ಬೇಕು!"

ಅವರ ಮುಖ ಬಿಳಿಚಿತು. "ಬದುಕ್ತಾವೋ ಇಲ್ಲೋ ಗೊತ್ತಿರಲಿಲ್ರಿ. ನಿಮ್ಮ ಕಣ್ಣ ಮುಂದ ಇನ್ನೊಂದು ಸಾಯೂದು ಬ್ಯಾಡ ಅಂತ ಇಟಗೊಂಡೆ. ಬದುಕಿದ್ರ ನಿಮಗ ಕೊಡಾಕಿನ ಇದ್ದೆ."

"ಈ ಕತೆಯೆಲ್ಲ ಬೇಡ" ಎಂದು ತಿರುಗಿ ಬಂದೆ. ಆಮೇಲೆ ಅವರು ನನ್ನೊಡನೆ ಮಾತಾಡಲಿಲ್ಲ, ನಾನೂ ಆಡಿಸಲಿಲ್ಲ.

ಮರುವರ್ಷ ಬೇಸಿಗೆಗೆ ಮುಂಚೆ ಅವರು ಮನೆ ಖಾಲಿ ಮಾಡಿ ಹಾನಗಲ್ಲಿಗೆ, ತಮ್ಮನ ಮಗನ ಮನೆಗೆ ಹೋದರು. ಅಂದು ನನ್ನ ಬಾಗಿಲ ಮುಂದೆ ಆ ಡಬ್ಬಿ ಇತ್ತು. ಎರಡೂ ಕಾಂಡ ನೆಟ್ಟಗಿದ್ದವು. ಒಂದರಲ್ಲಿ ಎಳೆ ಗರಿ ಬಿಚ್ಚುತ್ತಿತ್ತು. ಕದ್ದದ್ದು ದಕ್ಕಲಿಲ್ಲ, ತಂದಿಟ್ಟು ಹೋಗಿದ್ದಾರೆ ಎಂದುಕೊಂಡೆ. ಒಳಗೆ ತರಲಿಲ್ಲ. ಹೋಗುತ್ತ ಬರುತ್ತ ದಾಟಿಕೊಂಡು ಓಡಾಡಿದೆ. ಬೇಸಿಗೆ ಮುಗಿಯುವಷ್ಟರಲ್ಲಿ ಅದು ಮೆಟ್ಟಿಲ ಮೇಲೆ ಒಣಗಿತು. ಎರಡು ವರ್ಷದ ಮೇಲೆ ಅಕ್ಕೋರು ತೀರಿಕೊಂಡರೆಂದು ಮನೆ ಮಾಲೀಕರು ಹೇಳಿದರು...

ಮೊನ್ನೆ ಭಾನುವಾರ ಆ ಮಣ್ಣಿನ ಕುಂಡವನ್ನು ಮೊದಲ ಬಾರಿಗೆ ಬೋರಲು ಹಾಕಿದೆ. ಬೇರಿನ ಉಂಡೆ ಹೊರಬಂತು. ಅಭ್ಯಾಸಬಲದಿಂದ ಉಂಡೆಯ ಅಡಿಗೆ ಕೈ ಹಾಕಿದರೆ ಏನೋ ನುಣ್ಣಗೆ ಸಿಕ್ಕಿತು. ಬೇರಿಗೆ ಕಚ್ಚಿಕೊಂಡ ನೀಲಿ ಚೂರುಗಳು. ನೀರು ಬಸಿದು ಹೋಗಲೆಂದು ಕುಂಡದ ತೂತಿನ ಮೇಲೆ ಕವುಚಿ, ಒಂದರ ಪಕ್ಕ ಒಂದು ಜೋಡಿಸಿಟ್ಟಿದ್ದರು. ಬಿಳಿ ಹೂವು ಕೂಡ ಅಲ್ಲೇ ಇತ್ತು.

ಮೂವತ್ತು ವರ್ಷ ಕಂಡವರ ಚೀಲದ ಅಡಿ ತಡಕಿದ ಕೈ ಇದು. ಮನೆಯ ಕುಂಡದ ಅಡಿ ಒಮ್ಮೆಯೂ ಮುಟ್ಟಿರಲಿಲ್ಲ. ಕುಂಡದ ವಿಷಯ ನಿಜವೆಂದ ಮೇಲೆ ಬಾಲ್ಕನಿಯ ಕಾಂಡಗಳ ಬಗ್ಗೆ ಅವರು ಹೇಳಿದ್ದೂ ನಿಜವೇ. ಪೇಪರಿನ ಮೇಲೆ ಕೂತು ಅತ್ತುಬಿಟ್ಟೆ. ಹೆಂಡತಿ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಚೂರುಗಳನ್ನು ತೊಳೆದು ಹೊಸ ಕುಂಡದ ಅಡಿಗೆ ಹಾಗೆಯೇ ಜೋಡಿಸಿದೆ. ಗಿಡದ ಬುಡದಲ್ಲಿ ಮರಿಗಳು ಬಂದಿದ್ದವು. ಎರಡನ್ನು ಬಿಡಿಸಿ ಒಂದು ಡಬ್ಬಿಯಲ್ಲಿ ನೆಟ್ಟೆ, ಎರಡು ಮನೆಗಳ ನಡುವೆ, ಎದುರು ಬಾಗಿಲಿಗೇ ಹತ್ತಿರವಾಗಿ ಇಟ್ಟು, ನನ್ನ ಬಾಗಿಲು ಮುಚ್ಚಿಕೊಂಡು ಕೂತೆ. ಕಂಡರೂ ಕಾಣದ ಹಾಗೆ.

ಎದುರು ಮನೆಯಲ್ಲಿ ಈಗ ಬ್ಯಾಂಕಿನ ದಂಪತಿ ಇದ್ದಾರೆ. ಬಹಳ ಸಭ್ಯರು, ಕೇಳದೆ ಏನನ್ನೂ ಮುಟ್ಟುವವರಲ್ಲ. ನಾಲ್ಕು ದಿನವಾಯಿತು, ಡಬ್ಬಿ ಅಲ್ಲೇ ಇದೆ. ಅದನ್ನು ಕದಿಯಲು ಅಕ್ಕೋರೇ ಬೇಕಿತ್ತು.