ಕೆಂಚನನ್ನು ಕರೆದ ಬೇಸಿಗೆ

ಆ ವರ್ಷಗಳಲ್ಲಿ ಬಕ್ರೀದ್ ಬೇಸಿಗೆ ರಜೆಯಲ್ಲೇ ಬರುತ್ತಿತ್ತು. ಪರೀಕ್ಷೆ ಮುಗಿಸಿ ಪುಸ್ತಕದ ಚೀಲ ಮೂಲೆಗೆಸೆದರೆ ಆಮೇಲೆ ನಮಗೆ ಕುರಿಗಳದೇ ಕೆಲಸ. ಬೆಂಗಳೂರಿನ ಅಂಚಿನ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಇಳಿದು, ಹುಣಸೆಮರಗಳ ನೆರಳಲ್ಲಿ ನಡೆದು ನಮ್ಮೂರು ಸೇರಬೇಕಿದ್ದ ಕಾಲ ಅದು. ಊರ ಹಿಂದೆ ಕೆರೆ. ಬಿಸಿಲಿಗೆ ನೀರು ಹಿಂದೆ ಸರಿದ ಮೇಲೆ ಕಣ್ಣು ಹಾಯುವಷ್ಟೂ ಕೆರೆಯಂಗಳ, ಹಸಿ ಹುಲ್ಲು. ಕುರಿಗಳನ್ನು ಮೇಯಲು ಬಿಟ್ಟು ಕುಂಟಾಬಿಲ್ಲೆ ಆಡಿದವರು, ಲಂಗದ ಮಡಿಲಲ್ಲಿ ಸೀಮೆಹುಣಸೆ ತುಂಬಿಕೊಂಡು ಮನೆಗೆ ಓಡಿದವರು ನಿಮ್ಮಲ್ಲೂ ಇರಬಹುದು.

ಅಪ್ಪ ಪ್ರತಿವರ್ಷ ನಾಲ್ಕೈದು ಗಂಡು ಮರಿಗಳನ್ನು ಸಾಕಿ, ಟಗರು ಮಾಡಿ, ಬಕ್ರೀದಿಗೆ ಶಿವಾಜಿನಗರಕ್ಕೆ ಒಯ್ದು ಮಾರುತ್ತಿದ್ದ. ಎರಡು ಮೂರು ವರ್ಷ ನಾನೂ ಟೆಂಪೋ ಹಿಂಬದಿಯಲ್ಲಿ ಟಗರುಗಳ ನಡುವೆ ನಿಂತು ಹೋಗಿದ್ದೆ. ರಸೆಲ್ ಮಾರುಕಟ್ಟೆಯ ಪಕ್ಕದ ಬೀದಿಯಲ್ಲಿ ಹಗ್ಗ ಹಿಡಿದು ನಿಲ್ಲುವುದು ನನ್ನ ಕೆಲಸ. ಗಂಜಲದ ಘಾಟು, ಮಲ್ಲಿಗೆ ಮೊಗ್ಗು, ಎಣ್ಣೆಯಲ್ಲಿ ಬೇಯುವ ಸಮೋಸ ಎಲ್ಲವೂ ಒಂದೇ ಗಾಳಿಯಲ್ಲಿ. ಅಪ್ಪನೂ ಗಿರಾಕಿಗಳೂ ಟವೆಲ್ಲಿನಡಿ ಕೈಯಿಟ್ಟು, ಬೆರಳು ಹಿಡಿದೇ ವ್ಯಾಪಾರ ಮುಗಿಸುತ್ತಿದ್ದರು. ಅಲ್ಲೇ ಹತ್ತಿರ ಹಾಸಿಗೆ ಅಂಗಡಿ ಇಟ್ಟಿದ್ದ ಖಾದರ್ ಸಾಬರು ನಮ್ಮ ಕಾಯಂ ಗಿರಾಕಿ. ಅವರ ಮಗಳು ಸಬೀನಾ ನನ್ನ ವಾರಿಗೆಯವಳು. ಕೊಂಡ ಟಗರಿನ ಬೆನ್ನಿಗೆ ಮೆಹಂದಿ ಬಳಿದು, ಮಿಕ್ಕಿದ್ದನ್ನು ನನ್ನ ಅಂಗೈಗೂ ಹಚ್ಚಿದ್ದಳು.

ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಸಾಬರಿಗೆ ಕೊಡುವುದೆಂದು ಗೊತ್ತುಮಾಡಿದ್ದ ಟಗರು ಕೆಂಚ. ನಮ್ಮದೇ ಕುರಿಯೊಂದು ಅವನನ್ನು ಈದು ಸತ್ತಿತ್ತು. ಬಾಟಲಿಗೆ ರಬ್ಬರು ತೊಟ್ಟು ಸಿಕ್ಕಿಸಿ ಹಾಲು ಕುಡಿಸಿದವಳು ನಾನು. ಬೆಳೆದು ಕೊಂಬು ಸುರುಳಿ ಸುತ್ತಿದ ಮೇಲೂ ಅವನು ಹುರುಳಿ ತಿನ್ನುತ್ತಿದ್ದದ್ದು ನನ್ನ ಕೈಯಿಂದಲೇ. ಅವನು ಹೋಗುವವನೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಹಬ್ಬ ಇನ್ನೂ ದೂರವಿತ್ತು, ಅಷ್ಟೆ.

ಒಂದು ಮಧ್ಯಾಹ್ನ ಕೆರೆಯಂಗಳಕ್ಕೆ ಬುತ್ತಿ ತಂದ ಅಜ್ಜಿ ನನ್ನ ಲಂಗದ ಹಿಂಭಾಗ ನೋಡಿದಳು. ಬುತ್ತಿಯನ್ನು ನೆಲಕ್ಕಿಟ್ಟು, ತನ್ನ ಸೆರಗನ್ನೇ ನನ್ನ ಸೊಂಟಕ್ಕೆ ಹೊದಿಸಿ, "ನಡಿ ಮನೆಗೆ" ಎಂದಳು.

"ಕುರಿ?"

"ಕುರಿ ಬತ್ತವೆ. ನೀನು ನಡಿ."

ಮಾರನೆಯ ದಿನ ಹೊಸಕೋಟೆಯಿಂದ ಸೋದರಮಾವ ಬಂದು ಹಿತ್ತಲಲ್ಲಿ ತೆಂಗಿನ ಗರಿಯ ಗುಡಿಸಲು ಕಟ್ಟಿದ. ಬಾಗಿಲಿಗೆ ಒನಕೆ ಅಡ್ಡ. ಒಳಗೆ ಒಂದು ಚಾಪೆ, ನನಗೇ ಬೇರೆ ತಟ್ಟೆ, ಲೋಟ. ಗುಡಿಸಲಿನ ಬೆನ್ನಿಗೇ ಕುರಿದೊಡ್ಡಿ, ಕಲ್ಲು ಚಪ್ಪಡಿಗಳನ್ನು ಸಾಲಾಗಿ ನಿಲ್ಲಿಸಿದ ಗೋಡೆ.

"ಗಂಡಸರ ಮುಖ ನೋಡ್ಬೇಡ. ಕುರಿ ಮುಟ್ಬೇಡ. ಕೆಂಚ ಸಾಬ್ರ ದೇವ್ರಿಗೆ ಹೋಗೋ ಜೀವ, ಮೈಲಿಗೆ ಆಗ್ಬಾರ್ದು" ಎಂದಳು ಅಜ್ಜಿ.

ಮೈನೆರೆದದ್ದರ ಒಸಗೆ ಮಾಡಿ ಒಳಗೆ ಕರೆದುಕೊಳ್ಳಲು ಒಳ್ಳೆಯ ದಿನ ಸಿಗದೆ ಆ ವಾಸ ಬೆಳೆಯುತ್ತಲೇ ಹೋಯಿತು. ಹಸಿ ಗರಿಯ ವಾಸನೆ ಹೋಗಿ ಒಣಹುಲ್ಲಿನ ವಾಸನೆ ಬಂತು. ಒಳಗೆ ಗಾಳಿಯಿಲ್ಲ. ಕೆರೆಯ ಕಡೆಯಿಂದ ಗೆಳತಿಯರ ಕೂಗು ಕೇಳುತ್ತಿತ್ತು, ಆಮೇಲಾಮೇಲೆ ಅವರು ನನ್ನ ಹೆಸರು ಹಿಡಿದು ಕೂಗುವುದನ್ನು ಬಿಟ್ಟರು. ಬಂದವರೆಲ್ಲ ಎಳ್ಳಿನ ಚಿಗಳಿ, ಕೊಬ್ಬರಿ ಬೆಲ್ಲ, ತುಪ್ಪ ಸುರಿದ ಮೆಂತ್ಯದ ಮುದ್ದೆ ತಂದರು. "ತಿನ್ನು, ಮೈ ತುಂಬ್ಕೋಬೇಕು" ಎನ್ನುವಳು ಅಜ್ಜಿ. ಅದೇ ಮಾತನ್ನು ಅವಳು ಬೆಳಿಗ್ಗೆ ದೊಡ್ಡಿಯಲ್ಲಿ ಟಗರುಗಳಿಗೂ ಹೇಳುವುದು ನನಗೆ ಕೇಳಿಸುತ್ತಿತ್ತು.

ಕೆಂಚ ತಿನ್ನುವುದನ್ನು ಬಿಟ್ಟಿದ್ದ. ಅಪ್ಪ ಹಿಂಡಿ ಕಲಸಿಟ್ಟ, ಹುರುಳಿ ಬೇಯಿಸಿ ಬಾಯಿಗೆ ತುರುಕಿ ನೋಡಿದ. ಅವನು ಹಿಂದೆ ಸರಿದು ಬಂದು ಚಪ್ಪಡಿಗೆ ಗುದ್ದುತ್ತಿದ್ದ. ಪ್ರತಿ ಗುದ್ದಿಗೂ ನನ್ನ ಬೆನ್ನಿನ ಹಿಂದಿನ ಕಲ್ಲು ಅದುರುತ್ತಿತ್ತು. ಊನವಾದದ್ದನ್ನು ಸಾಬರು ಕುರ್ಬಾನಿಗೆ ಕೊಳ್ಳುವುದಿಲ್ಲವೆಂದು ನನಗೆ ಗೊತ್ತಿತ್ತು. ಮುರೀಲಿ, ಕೊಂಬು ಮುರೀಲಿ ಎಂದು ಕಣ್ಣು ಮುಚ್ಚಿ ಕೂರುತ್ತಿದ್ದೆ.

ಒಂದು ಸಂಜೆ ದೊಡ್ಡಿಯಲ್ಲಿ ಅಪ್ಪ ಅಮ್ಮ ಮಾತಾಡುತ್ತಿದ್ದರು.

"ಪಕ್ಕೆ ಎಲ್ಲ ಇಳಿದೋಗದೆ. ಹಿಂಗೇ ಗುದ್ದಿ ಕೊಂಬು ಮುರ್ಕೊಂಡ್ರೆ ಸಾಬ್ರು ಮುಟ್ಟಲ್ಲ" ಎಂದ ಅಪ್ಪ.

"ಮುರಿದ್ರೆ ಮುರೀಲಿ ಬಿಡಿ" ಎಂದಳು ಅಮ್ಮ. "ಒಸಗೆಗೆ ಬಾಡೂಟ ಹಾಕ್ಬೇಕಲ್ಲ, ಇದನ್ನೇ ಹಾಕಿದ್ರಾಯ್ತು."

ನನ್ನ ಬಾಯಲ್ಲಿ ಕೊಬ್ಬರಿ ಇತ್ತು. ಅಂಗೈಗೆ ಉಗಿದೆ. ಎತ್ತ ಹೋದರೂ ಕೆಂಚನಿಗೆ ದಾರಿಯಿಲ್ಲ. ಸಾಬರ ಮನೆಗೆ ಹೋಗದಿದ್ದರೆ ನನ್ನ ಹೆಸರಿನ ಊಟಕ್ಕೆ, ನನ್ನ ಕಣ್ಣೆದುರಿಗೆ.

ಅವರು ಹೋದ ಮೇಲೆ ಒಣಗಿದ ಗರಿ ಸರಿಸಿ, ಎರಡು ಚಪ್ಪಡಿಗಳ ನಡುವಿನ ಸಂದಿಗೆ ಬಾಯಿಟ್ಟು ಕರೆದೆ, "ಕೆಂಚಾ." ಗುದ್ದು ನಿಂತಿತು. ಸಂದಿಯಲ್ಲಿ ಮೂತಿ ತೂರಿ ಬಂತು. ನನ್ನ ತಟ್ಟೆಯ ಚಿಗಳಿಯನ್ನು ಅಂಗೈಯಲ್ಲಿಟ್ಟು ಹಿಡಿದೆ. ಬಿಸಿ ಉಸಿರು, ಒರಟು ನಾಲಗೆ. ಎಲ್ಲ ತಿಂದ.

ಒನಕೆಯಾಚೆ ಅಜ್ಜಿ ನಿಂತಿದ್ದಳು. ಬೈಯುತ್ತಾಳೆಂದುಕೊಂಡೆ. ಅವಳು ನನಗೆ ಬೆನ್ನು ಮಾಡಿ ಅಲ್ಲೇ ಕೂತು ಎಲೆಯಡಿಕೆ ಹಾಕಿಕೊಂಡಳು.

"ನನ್ನ ಗುಡ್ಲಾಗೆ ಕೂರಿಸ್ದಾಗ ನಂದೂ ಒಂದು ಕರು ಇತ್ತು" ಎಂದಳು.

"ಆಮೇಲೆ?"

"ಆಮೇಲೇನು, ಮದುವೆ ಆಯ್ತು."

ಮಾರನೆಯ ಬೆಳಿಗ್ಗೆ ಒಂದು ಹೊರೆ ಹಲಸಿನ ಸೊಪ್ಪು ತಂದು ಗುಡಿಸಲೊಳಗೆ ಹಾಕಿ, "ಇದ್ರ ಮೇಲೆ ಮಲಿಕ್ಕೋ, ತಂಪು" ಎಂದಳು. ದಿನವೂ ತಂದಳು. ಸಂಜೆಗೆ ಬರೀ ಕಡ್ಡಿ ಉಳಿದಿರುತ್ತಿತ್ತು. ಅವಳು ಏನೂ ಕೇಳದೆ ಗುಡಿಸಿ ಒಯ್ಯುತ್ತಿದ್ದಳು. ಕೆಂಚನ ಪಕ್ಕೆ ತುಂಬಿತು.

ಹಬ್ಬದ ಹಿಂದಿನ ಭಾನುವಾರ ಖಾದರ್ ಸಾಬರು ಟೆಂಪೋ ಮಾಡಿಕೊಂಡು ಬಂದರು. ಹಲ್ಲು, ಕಿವಿ, ಕೊಂಬು ನೋಡಿ, "ಮಾಷಾ ಅಲ್ಲಾ! ಏನು ಸಾಕಿದ್ದೀರಿ ಮುನಿಯಣ್ಣಾ!" ಎಂದರು. "ಎಲ್ಲಿ ಪಾಪ? ಯಾವಾಗ್ಲೂ ಹಗ್ಗ ಹಿಡ್ಕೊಂಡು ನಿಂತಿರೋಳು?"

"ಒಳಗವ್ಳೆ" ಎಂದ ಅಪ್ಪ. ಸಾಬರು ಗುಡಿಸಲ ಕಡೆ ನೋಡಿರಬೇಕು. ಅವರ ದನಿ ಇಳಿಯಿತು.

"ಅಚ್ಛಾ. ನಮ್ಮ ಸಬೀನಾನೂ ಈಗ ಅಂಗಡಿ ಕಡೆ ಬರಲ್ಲ. ಅವಳಮ್ಮ ಬಿಡಲ್ಲ."

ಕೆಂಚ ಅಪರಿಚಿತರ ಕೈಗೆ ಸಿಕ್ಕಲಿಲ್ಲ. ಹಗ್ಗ ಕಿತ್ತುಕೊಂಡು ಚಪ್ಪಡಿಗೆ ಬಂದು ಗುದ್ದಿದ, ಮತ್ತೆ ಗುದ್ದಿದ. "ಕೊಂಬು, ಕೊಂಬು!" ಎಂದು ಯಾರೋ ಕೂಗಿದರು. ಆಗ ಅಪ್ಪ ಗುಡಿಸಲ ಹಿಂದೆ ಬಂದು, ಮುಖ ಬೇರೆ ಕಡೆ ತಿರುಗಿಸಿಕೊಂಡು ನಿಂತ.

"ಮಗಾ, ಒಂದ್ಸಲ ಕರಿ ಅವನ್ನ. ನೀನು ಆಚೆ ಬರ್ಬೇಡ. ಬರೀ ಕರಿ."

ಇನ್ನೊಂದು ಗುದ್ದು ಬಿತ್ತು. ಮುರಿದರೆ ಎಲ್ಲಿಗೆ ಹೋಗುತ್ತಾನೆಂದು ನನಗೆ ಗೊತ್ತಿತ್ತು.

"ಕೆಂಚಾ" ಎಂದೆ.

ಅವನು ಬಂದ. ಸಂದಿಗೆ ಮೂತಿಯಿಟ್ಟು ನನ್ನ ಅಂಗೈ ಹುಡುಕಿದ. ಹಿಂದಿನಿಂದ ಅವನ ಕಾಲು ಕಟ್ಟುವವರೆಗೂ ಅವನು ಅಲ್ಲಾಡಲಿಲ್ಲ, ನಾನೂ ಕೈ ತೆಗೆಯಲಿಲ್ಲ. ಟೆಂಪೋ ಹೊರಟಾಗ ಅವನು ಅರಚುವುದು ಹುಣಸೆಮರಗಳ ತನಕ ಕೇಳಿತು.

ಬಕ್ರೀದ್ ಕಳೆದು ವಾರದಲ್ಲಿ ನನ್ನ ಒಸಗೆಯಾಯಿತು. ಅರಿಶಿನ ಹಚ್ಚಿ, ಲಂಗ ದಾವಣಿ ಉಡಿಸಿ ಕೂರಿಸಿದರು. ಬೇರೆ ಯಾವುದೋ ಟಗರು ತಂದು ಊಟ ಹಾಕಿದರು. ನಾನು ಅನ್ನ ಮಜ್ಜಿಗೆ ತಿಂದೆ. ಗುಡಿಸಲನ್ನು ಸುಟ್ಟ ದಿನ ಹಗ್ಗ ತೆಗೆದುಕೊಂಡು ಕುರಿ ಹೊಡೆಯಲು ಹೊರಟೆ. ಅಮ್ಮ ನನ್ನ ಕೈಯಿಂದ ಹಗ್ಗ ತೆಗೆದು ತಮ್ಮನಿಗೆ ಕೊಟ್ಟಳು. ಬೈಯಲಿಲ್ಲ, ಜೋರೂ ಮಾಡಲಿಲ್ಲ. "ನೀನು ಒಲೆ ನೋಡ್ಕೋ" ಎಂದಳು.

ಈಗ ಆ ಕೆರೆಯಂಗಳದಲ್ಲಿ ಅಪಾರ್ಟ್‌ಮೆಂಟುಗಳಿವೆ. ಮದುವೆ ಮನೆಗಳಲ್ಲಿ ಸೇರಿದಾಗ ತಮ್ಮ, ಚಿಕ್ಕಪ್ಪನ ಮಕ್ಕಳು ಎಲ್ಲ ಕೆರೆಯ ಮಾತು ತೆಗೆಯುತ್ತಾರೆ. ಲೇಔಟಿನವರು ಕಲ್ಲು ನೆಟ್ಟಿದ್ದು, ಲಾರಿಗಳು ಮಣ್ಣು ಸುರಿದದ್ದು, ಕುರಿಗಳನ್ನೆಲ್ಲ ಮಾರಿದ್ದು. "ಎಂಥ ಜಾಗ ಹೋಗ್ಬಿಡ್ತಲ್ಲ ಅಕ್ಕಾ" ಎನ್ನುತ್ತಾನೆ ತಮ್ಮ. ಹೂಂ ಎನ್ನುತ್ತೇನೆ. ಮಣ್ಣು ಬೀಳುವ ಮೊದಲು ಎಷ್ಟೋ ಬೇಸಿಗೆ ಆ ಹುಲ್ಲು ಹಾಗೇ ಹಸಿರಾಗಿತ್ತು. ನಾನು ಅದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ.