ಅಮ್ಮನ ತೋಟದ ರೈಟರ್

ಕೋರ್ಟಿನ ದಿನ ಬಂತೆಂದರೆ ಮಲ್ಲಂದೂರಿನ ಪ್ರಸನ್ನಕುಮಾರ್ ಬಡವನಾಗುತ್ತಾನೆ. ಜೀಪನ್ನು ಪೆಟ್ರೋಲ್ ಬಂಕಿನ ಹಿಂದೆ ನಿಲ್ಲಿಸಿ, ಸವೆದ ಚಪ್ಪಲಿ ಮೆಟ್ಟಿಕೊಂಡು, ಚಿಕ್ಕಮಗಳೂರಿನ ಕೋರ್ಟಿಗೆ ನಡೆದೇ ಬರುತ್ತಾನೆ. ವಿಚ್ಛೇದನದ ಕೇಸು ಮುಗಿಯುವ ತನಕ ತನಗೂ ಮಗಳು ಕೃತಿಕಾಳಿಗೂ ಮಧ್ಯಂತರ ಜೀವನಾಂಶ ಬೇಕು, ವಕೀಲರ ಖರ್ಚು ಬೇಕು ಎಂದು ಹೆಂಡತಿ ಭುವನಾ ಕೇಳಿದ್ದಾಳೆ. ತಾನು ತಾಯಿಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಅಷ್ಟೇ ಎಂದು ಇವನು ಆಸ್ತಿ ವಿವರದ ಅಫಿಡವಿಟ್‌ನಲ್ಲಿ ಪ್ರಮಾಣ ಮಾಡಿದ್ದಾನೆ. "ನಂದೇನಿದೆ ಮಾರಾಯ, ಎಲ್ಲ ಅಮ್ಮಂದು" ಎಂದು ಕ್ಯಾಂಟೀನಿನಲ್ಲಿ ನಿಟ್ಟುಸಿರು ಬಿಟ್ಟು, ತಾನು ಕುಡಿದ ಕಾಫಿಯ ಬಿಲ್ಲನ್ನು ಪಕ್ಕದವನ ಕಡೆಗೆ ಸರಿಸುತ್ತಾನೆ. ಬೆಂಗಳೂರಿನಿಂದ ಕಾರಿನಲ್ಲಿ ಬರುವ ವಕೀಲರ ಫೀಸಿನಲ್ಲಿ ಮಾತ್ರ ಚೌಕಾಸಿ ಮಾಡುವುದಿಲ್ಲ. ಮೊನ್ನೆ ಕಟಕಟೆಯಲ್ಲಿ ಮಗಳ ಸ್ಕೂಲಿನ ಮಾತು ಬಂದಾಗ, "ಆ ಹುಡುಗಿ ಖರ್ಚು ಅವಳಮ್ಮ ನೋಡ್ಕೊಳ್ಳಲಿ ಸ್ವಾಮಿ" ಎಂದ. ಭುವನಾ ತನ್ನ ವಕೀಲೆಯ ಕಿವಿಯಲ್ಲಿ ಏನೋ ಹೇಳಿದಳು. "ಈ ಸಲ ನಿಮ್ಮಮ್ಮನ ಕಾಫಿ ಸರಿಯಾಗಿ ಒಣಗದೆ ಮುಗ್ಗಲು ಹಿಡಿದಿತ್ತಂತೆ, ಹೌದೇನ್ರೀ?" ಎಂದು ವಕೀಲೆ ಕೇಳಿದರು. ಪ್ರಸನ್ನಕುಮಾರ್ ಕಟಕಟೆ ಗುದ್ದಿದ. "ಯಾರ್ರೀ ಹೇಳಿದ್ದು? ನನ್ ತೋಟ, ನನ್ ಕಾಫಿ! ಇವತ್ತಿನ ತನಕ ಒಬ್ಬ ಬೆರಳು ತೋರ್ಸಿಲ್ಲ!" ಟೈಪಿಸ್ಟ್ ಅದನ್ನೂ ದಾಖಲಿಸಿದ. ವಕೀಲೆ ಗೆದ್ದವರಂತೆ ತಿರುಗಿ ನೋಡಿದರು, ಭುವನಾ ನಗಲಿಲ್ಲ. ಕಾಫಿಯನ್ನು ನನ್ನದೆಂದು ಕೂಗಿದ ಆ ಬಾಯಿಂದ, ಕೃತಿಕಾ ಹುಟ್ಟಿದ ಮೇಲೆ ಒಂದು ಸಲವೂ, 'ನನ್ ಮಗಳು' ಎಂಬ ಮಾತನ್ನು ಅವಳು ಕೇಳಿರಲಿಲ್ಲ.